ಉತ್ತರೆಯಿಂದ ಸ್ವಾತಿಯವರೆಗೆ

ಹಿಮವೆಂಬುದು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಒಕ್ಕಲು ಮಕ್ಕಳಿಗೆ ಪುರಾಣಶ್ರವಣದಿಂದ ಮಾತ್ರ ಪರಿಚಿತವಾದ ಪದಾರ್ಥ. ಅದು ಪಾರ್ವತಿಯ ತವರುಮನೆಯಲ್ಲಿ ಬೀಳತಕ್ಕದ್ದೇ ಹೊರತು ಕೃಷ್ಣಾ ತುಂಗಭದ್ರೆಗಳ ನಡುವಣ ಎರೆಹೊಲದಲ್ಲಿ ಬೀಳತಕ್ಕದ್ದಲ್ಲ. 16ನೆಯ ಅಕ್ಷಾಂಶದ ಆಸುಪಾಸಿನಲ್ಲಿ ಹರಡಿಕೊಂಡಿರುವ ಈ ಬಯಲಿನಲ್ಲಿ, ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನ ಜಾವಕ್ಕೆ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಳ್ಳುವಷ್ಟು ಥಂಡಿಯುಂಟು, ಜೋಳದ ಗರಿಗಳ ಮೇಲೆ ಸಾಲುಗಟ್ಟಿ ನಿಂತ ಇಬ್ಬನಿಯುಂಟು, ಬದುವಿನ ಮೇಲೆ ನಡೆದವನ ಧೋತರ ಮೊಣಕಾಲಿನವರೆಗೆ ತೊಯ್ದುಹೋಗುವುದೂ ಉಂಟು. ಆದರೆ ಆ ನೀರು ಹೆಪ್ಪುಗಟ್ಟಿ ಬಿಳಿಯ ಹೊದಿಕೆಯಾದುದನ್ನು ಕಂಡವರು ಇಲ್ಲಿಲ್ಲ. ಶೀತದೇಶಗಳ ತೋಟಗಾರರು ಬ್ರೊಕೋಲಿಯ ಬೀಜ ಹಾಕುವ ಮುನ್ನ ತಮ್ಮ ಊರಿನಲ್ಲಿ ಮೊದಲ ಹಿಮ ಬೀಳುವ ದಿನವನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಹನ್ನೆರಡೋ ಹದಿನಾಲ್ಕೋ ವಾರಗಳನ್ನೆಣಿಸಿ ಬಿತ್ತನೆಯ ಮುಹೂರ್ತವನ್ನು ನಿಶ್ಚಯಿಸುತ್ತಾರೆಂದು ಓದಿದಾಗ, ಇದು ನಮಗೆ ಸಂಬಂಧಪಡದ ವಿದ್ಯೆಯೆಂದೇ ನನಗೆ ಮೊದಲು ತೋರಿತು. ನಿಧಾನವಾಗಿ ಆಲೋಚಿಸಿದ ಮೇಲೆ ಆ ಅಭಿಪ್ರಾಯ ನಿಲ್ಲಲಿಲ್ಲ. ಗಡುವಿನ ದಿನವೊಂದನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸುವ ಗಣಿತ ಈ ಎರಡು ಹೊಳೆಗಳ ನಡುವಣ ನಮ್ಮ ದೋಆಬಿನಲ್ಲಿಯೂ ತಲೆತಲಾಂತರದಿಂದ ನಡೆದುಬಂದದ್ದೇ. ಅಲ್ಲಿ ಹಿಮದ ಆಗಮನಕ್ಕೆ ಅಂಜಿ ಎಣಿಸಿದರೆ ಇಲ್ಲಿ ಮಳೆಯ ನಿರ್ಗಮನಕ್ಕೆ ಅಂಜಿ ಎಣಿಸುತ್ತಿದ್ದರು.

ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಸಂಚರಿಸುವನೆಂಬ ಲೆಕ್ಕದ ಮೇಲೆ ಮಳೆಗಳಿಗೆ ಹೆಸರಿಡುವ ಪದ್ಧತಿ ಕನ್ನಡನಾಡಿಗೆಲ್ಲ ಸಾಮಾನ್ಯವಾದದ್ದು. ಆದರೆ ಆ ಹೆಸರುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆಯೆಂಬುದು ಸೀಮೆಯಿಂದ ಸೀಮೆಗೆ ಬೇರೆ. ಮಲೆನಾಡಿನ ಗದ್ದೆಯವನಿಗೆ ಆರಿದ್ರ, ಪುನರ್ವಸುಗಳು ಹೇಗೋ ರಾಯಚೂರಿನ ಎರೆಯವನಿಗೆ ಉತ್ತರಿ, ಹಸ್ತ, ಚಿತ್ತಿಗಳು ಹಾಗೆ. ವರ್ಷವೆಲ್ಲ ಸೇರಿ ಸುಮಾರು 600 ಮಿಲಿಮೀಟರು ಮಳೆಯಾಗುವ ಈ ನೆಲದಲ್ಲಿ ಅತ್ಯಧಿಕ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ; ರೋಹಿಣಿ ಮಿರಗಗಳು ಮೋಡ ತೋರಿಸಿ ಹೋದರೂ ಸಹಿಸಬಲ್ಲ ಈ ಜನ, ಸೆಪ್ಟೆಂಬರ್ 13ರ ಸುಮಾರಿಗೆ ಕೂಡುವ ಉತ್ತರಿ ಕೈಕೊಟ್ಟರೆ ಸಹಿಸಲಾರರು. ಉತ್ತರಿ ಕೂಡಿದಂದಿನಿಂದ ನವೆಂಬರ್ ಮೊದಲ ವಾರದಲ್ಲಿ ಸ್ವಾತಿ ತೀರುವವರೆಗಿನ ಐವತ್ತನಾಲ್ಕು ದಿನಗಳ ಅವಕಾಶವೇ ಹಿಂಗಾರಿಯ ಬಾಗಿಲು. ಸ್ವಾತಿಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುವುದೆಂಬುದು ಕವಿಗಳ ಮಾತು. ಎರೆಹೊಲದವನ ಮಟ್ಟಿಗಾದರೋ ಆ ಹನಿ ಆಗಲೇ ಮೊಳೆತು ನಿಂತ ಬೆಳೆಯ ಬುಡಕ್ಕೆ ಬಿದ್ದರೆ ಮಾತ್ರ ಮುತ್ತು, ಇನ್ನೂ ಬಿತ್ತದ ಹೊಲಕ್ಕೆ ಬಿದ್ದರೆ ಕಳೆದುಹೋದ ಹೊತ್ತಿನ ನೆನಪು.

ಈ ಬಾಗಿಲು ಇಷ್ಟು ಕಿರಿದಾದುದಕ್ಕೆ ಕಾರಣ ಮಣ್ಣು. ಮಸಾರಿ ನೆಲವಾದರೆ ಮೊದಲ ಮಳೆಗೇ ಕೂರಿಗೆಗೆ ಒಡ್ಡಿಕೊಳ್ಳುತ್ತದೆ, ಎರೆಯು ಹಾಗಲ್ಲ. ಬೇಸಗೆಯಲ್ಲಿ ಮಾರುದ್ದದ ಬಿರುಕುಗಳಿಂದ ಬಾಯ್ದೆರೆದುಕೊಂಡಿರುವ ಈ ಕರಿಯ ಮಣ್ಣು ಮಳೆ ನೀರನ್ನು ಕುಡಿದು ಉಬ್ಬಿ, ಬಿರುಕುಗಳನ್ನು ತಾನೇ ಮುಚ್ಚಿಕೊಂಡು, ಎತ್ತಿನ ಗೊರಸನ್ನೂ ಗಾಡಿಯ ಗಾಲಿಯನ್ನೂ ಹಿಡಿದುಕೊಳ್ಳುವಷ್ಟು ಜಿಗುಟಾಗುತ್ತದೆ. ಆದರೆ ಒಮ್ಮೆ ಕುಡಿದ ನೀರನ್ನು ಆಳದಲ್ಲಿ ತಿಂಗಳುಗಟ್ಟಲೆ ಬಿಟ್ಟುಕೊಡುವುದಿಲ್ಲ. ಈ ಗುಣವನ್ನರಿತ ಹಿರಿಯರು ದಪ್ಪ ಎರೆಯ ಹೊಲಗಳನ್ನು ಮುಂಗಾರಿಯಲ್ಲಿ ಬಿತ್ತದೆ ಖಾಲಿ ಬಿಟ್ಟು, ಮಳೆ ಬಂದು ಹೋದಾಗಲೆಲ್ಲ ಕುಂಟೆ ಹೊಡೆದು ಹರಗಿ, ಕಳೆಯನ್ನು ಕೊಂದು, ನೀರು ಇಳಿಯುವ ದಾರಿಯನ್ನು ತೆರೆದಿಟ್ಟು, ಮೂರು ತಿಂಗಳ ಮಳೆಯನ್ನು ನೆಲದ ಕಣಜದಲ್ಲಿ ತುಂಬಿಡುತ್ತಿದ್ದರು. ಮೇಲಿನಿಂದ ಬಂದ ಹೊಸ ತೇವ ಕೆಳಗಿನ ಹಳೆಯ ತೇವವನ್ನು ಮುಟ್ಟಿತೆಂದರೆ, ಅವರ ಮಾತಿನಲ್ಲಿ ಹಸಿಗೆ ಹಸಿ ಕೂಡಿತೆಂದರೆ, ಹೊಲ ಸಿದ್ಧವಾಯಿತು. ಅನಂತರ ಬೇಕಾದುದು ಹದ. ಹದವೆಂಬ ಈ ಎರಡಕ್ಷರದ ಮಾತಿಗೆ ಕೃಷಿಶಾಸ್ತ್ರದ ಗ್ರಂಥಗಳಲ್ಲಿ ಒಂದು ಪುಟದ ವಿವರಣೆ ದೊರೆಯಬಹುದು. ಹೊಲದಲ್ಲಿ ಅದಕ್ಕೆ ಬೇಕಾದುದು ಗೇಣುದ್ದ ತೋಡಿ ತೆಗೆದ ಒಂದು ಹಿಡಿ ಮಣ್ಣು ಮತ್ತು ಅದನ್ನು ಉಂಡೆ ಕಟ್ಟಿ ನೋಡಬಲ್ಲ ಅನುಭವಿಯ ಅಂಗೈ. ಮಳೆ ನಿಂತು ನಾಲ್ಕಾರು ದಿನಕ್ಕೆ ಬರುವ ಹದ, ಬಿಸಿಲು ಬಿದ್ದರೆ ಮತ್ತೆ ನಾಲ್ಕಾರು ದಿನಕ್ಕೆ ಆರಿಹೋಗುತ್ತದೆ. ಅಷ್ಟರಲ್ಲಿ ಊರಿನ ಕೂರಿಗೆಗಳೆಲ್ಲ ಹೊಲಕ್ಕೆ ಇಳಿಯಬೇಕು. ಎತ್ತು ಇಲ್ಲದವನು ಎತ್ತಿದ್ದವನ ಮನೆಗೆ ಹೋಗಿ ಮುಯ್ಯಾಳಿನ ಒಪ್ಪಂದ ಮಾಡಿಕೊಳ್ಳಬೇಕು. ಕೂರಿಗೆಯ ಬಟ್ಟಲಿಗೆ ಜೋಳದ ಕಾಳು ಬಿಡುವ ಹೆಣ್ಣುಮಗಳ ಬೆರಳುಗಳು ಹೆಚ್ಚೂ ಕಡಿಮೆಯೂ ಆಗದಂತೆ ದಿನವಿಡೀ ಸಮನಾಗಿ ಆಡಬೇಕು. ಅವಳ ಪಕ್ಕದಲ್ಲಿ ಇನ್ನೊಬ್ಬಳು ಕುಸುಬೆಯನ್ನೋ ಕಡಲೆಯನ್ನೋ ಅಕ್ಕಡಿ ಸಾಲಿಗೆ ಬಿಡುತ್ತ ನಡೆಯಬೇಕು.

ಬಿತ್ತಿದ ಮೇಲೆ ಬೆಳೆಯನ್ನು ಚಳಿಗೆ ಒಪ್ಪಿಸುವುದೇ. ಇದು ಈ ಸೀಮೆಯ ಬೇಸಾಯದ ಪರಮ ವೈಚಿತ್ರ್ಯವೆಂದು ನಾನು ಭಾವಿಸುತ್ತೇನೆ: ಶೀತದೇಶದವನು ಯಾವುದರಿಂದ ತನ್ನ ಬೆಳೆಯನ್ನು ಮರೆಮಾಡಲು ಹವಣಿಸುತ್ತಾನೋ ಅದರ ಮಡಿಲಿಗೇ ಇವರು ತಮ್ಮ ಬೆಳೆಯನ್ನು ಹಾಕುತ್ತಿದ್ದರು. ಸ್ವಾತಿಯ ತರುವಾಯ ಒಂದು ಹನಿಯೂ ಬೀಳದಿದ್ದರೂ ಹಿಂಗಾರಿ ಜೋಳ ನಾಲ್ಕು ತಿಂಗಳು ನಿಂತು ತೆನೆ ಹೊರುತ್ತದೆ. ಅದು ಮಂಜನ್ನು ಕುಡಿದು ಬೆಳೆಯುತ್ತದೆಂಬುದು ಹಳಬರ ನಂಬಿಕೆ. ಮಂಜಿನಿಂದ ಬೇರಿಗೆ ಸೇರುವ ನೀರು ಅತ್ಯಲ್ಪವೆಂಬುದು ನಿಜವಾದರೂ, ಗರಿಯ ಮೇಲೆ ಇಬ್ಬನಿ ನಿಂತಿರುವ ಹೊತ್ತಿನಲ್ಲಿ, ತಂಪಾದ ಹವೆಯಲ್ಲಿ, ಗಿಡವು ಬೆವರುವುದು ಕಡಿಮೆಯಾಗಿ ನೆಲದ ಕಣಜ ನಿಧಾನವಾಗಿ ಕರಗುವುದೂ ಅಷ್ಟೇ ನಿಜ. ಆದ್ದರಿಂದ ಅವರ ಮಾತನ್ನು ಮೂಢನಂಬಿಕೆಯೆಂದು ತಳ್ಳಲು ನನ್ನ ಮನಸ್ಸೊಪ್ಪದು. ಥಂಡಿಯೇ ಅಲ್ಲಿ ದಾದಿ. ಆ ಬೆಳೆಯ ಬೀಜದೊಳಗೂ ಒಂದು ಪಂಚಾಂಗ ಅಡಗಿದ್ದಿತು: ಹಗಲು ಕುಗ್ಗುವುದನ್ನು ತಾನೇ ಅರಿತು ಹೊಡೆ ಬಿಚ್ಚುವ ಹಿಂಗಾರಿ ತಳಿಗಳು ಮುಂಗಾರಿಯ ತಳಿಗಳಿಂದ ಬೇರೆಯೇ ಜಾತಿ. 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಮಾಲದಂಡಿಯೆಂಬ ನಾಟಿ ಜೋಳದಿಂದ ಆರಿಸಿ ತೆಗೆದ ಎಂ 35-1 ಎಂಬ ತಳಿ ದಖ್ಖನಿನ ಎರೆಸೀಮೆಯನ್ನೆಲ್ಲ ವ್ಯಾಪಿಸಿ, ಹೈಬ್ರಿಡ್‌ಗಳ ಕಾಲದಲ್ಲಿಯೂ ಪದಚ್ಯುತವಾಗದೆ ಉಳಿದುದಕ್ಕೆ ಅದರ ರೊಟ್ಟಿಯ ರುಚಿಯೊಂದೇ ಕಾರಣವಲ್ಲ. ಚಳಿಯೊಡನೆ ಅದಕ್ಕಿದ್ದ ಹಳೆಯ ಒಡಂಬಡಿಕೆಯೂ ಕಾರಣ. ತಡವಾಗಿ ಬಿತ್ತಿದವನಿಗೆ ಈ ಒಡಂಬಡಿಕೆಯ ಫಲ ಸಿಕ್ಕದು. ಚಿತ್ತಿ ದಾಟಿಸಿ ಬಿತ್ತಿದ ಹೊಲ ಕಾಳು ಕಟ್ಟುವ ಕಾಲಕ್ಕೆ ನೆಲ ಬರಿದಾಗಿ, ಮೇಲೆ ಬಿಸಿಲೇರಿ, ದಂಟು ಒಳಗಿಂದ ಸೊರಗಿ, ತೆನೆ ಬೆಳ್ಳಗೆ ಜೊಳ್ಳಾಗಿ ನಿಲ್ಲುತ್ತದೆ.

ಕಡಲೆಗಂತೂ ಚಳಿ ಬೇಕೇ ಬೇಕು. ಅದರ ಎಲೆ ಕಾಯಿಗಳ ಮೇಲಿನ ನವಿರಾದ ರೋಮಗಳಿಂದ ಒಸರುವ ಹುಳಿಯನ್ನು ಸಂಗ್ರಹಿಸುವ ಒಂದು ಪದ್ಧತಿ ಹಿಂದೆ ಹೊಲಗಳಲ್ಲಿ ಇದ್ದಿತು: ಸಂಜೆ ಹೊತ್ತು ಗಿಡಗಳ ಮೇಲೆ ತೆಳುವಾದ ಬಟ್ಟೆಯನ್ನು ಹರವಿ, ರಾತ್ರಿಯ ಮಂಜಿನೊಡನೆ ಆ ಹುಳಿಯನ್ನೂ ಅದು ಹೀರಿಕೊಳ್ಳುವಂತೆ ಬಿಟ್ಟು, ಸೂರ್ಯೋದಯಕ್ಕೆ ಮುಂಚೆ ಹಿಂಡಿ ತೆಗೆದ ಆ ನೀರನ್ನು ಸೀಸೆಯಲ್ಲಿ ತುಂಬಿಟ್ಟುಕೊಂಡು, ಅಜೀರ್ಣಕ್ಕೂ ಹೊಟ್ಟೆನೋವಿಗೂ ಮದ್ದಾಗಿ ಬಳಸುತ್ತಿದ್ದರು. ಮಂಜು ದಟ್ಟವಾಗಿ ಬಿದ್ದ ವರ್ಷ ಹುಳಿಯೂ ಹೆಚ್ಚು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳನ್ನು ಭೂಮಿತಾಯಿಗೆ ಎಡೆಯಿಟ್ಟು, ನಾಲ್ಕು ದಿಕ್ಕಿಗೂ ಚರಗ ಚೆಲ್ಲುವ ಹಬ್ಬವಿದೆಯಲ್ಲ, ಅದನ್ನು ಪಂಚಾಂಗದ ದೃಷ್ಟಿಯಿಂದ ನೋಡಿದರೆ ಚಳಿಯ ನಡುಮಧ್ಯದಲ್ಲಿ ಬೆಳೆಯ ಪರೀಕ್ಷೆಗೆ ಇಟ್ಟ ದಿನವೆಂದೇ ಹೇಳಬೇಕು. ಉತ್ತರಿ ಹಸ್ತಗಳಲ್ಲಿ ಬಿತ್ತಿದ್ದರೆ ಆ ಹೊತ್ತಿಗೆ ಜೋಳ ತೆನೆ ತೋರಿರಬೇಕು, ಕಡಲೆ ಸುಲಗಾಯಿಯಾಗುವತ್ತ ತಿರುಗಿರಬೇಕು. ತೋರದಿದ್ದವನ ಹೊಲದಲ್ಲಿಯೂ ಹೋಳಿಗೆಯೇನೋ ಅಷ್ಟೇ ಸಿಹಿ; ಆದರೆ ಉಂಡು ಎದ್ದ ಹಿರಿಯರು ಬದುವಿನ ಮೇಲೆ ನಿಂತು ಏನೂ ಹೇಳದೆ ಸುತ್ತ ನೋಡುತ್ತಾರೆ.

ಈ ನಕ್ಷತ್ರಗಣನೆಯ ಪ್ರಾಚೀನತೆಯನ್ನು ಕುರಿತು ಹೇಳಹೊರಟರೆ ಮಸ್ಕಿಯ ಬಂಡೆಯ ಬಳಿಗೆ ಹೋಗದೆ ವಿಧಿಯಿಲ್ಲ. 1915ರಲ್ಲಿ, ಹಟ್ಟಿಯ ಸುತ್ತಣ ಸೀಮೆಯಲ್ಲಿ ಚಿನ್ನದ ಜಾಡನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನು ದುರ್ಗದಗುಡ್ಡದ ಪಡುವಣ ಇಳಿಜಾರಿನ ಗವಿಯೊಂದರಲ್ಲಿ ಶಾಸನವನ್ನು ಕಂಡನು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಮೊದಲ ಬಾರಿಗೆ ದೊರೆತದ್ದು ಅಲ್ಲಿ. ಚಿನ್ನವನ್ನು ಹುಡುಕಹೋದವನಿಗೆ ಒಬ್ಬ ಚಕ್ರವರ್ತಿಯ ಹೆಸರು ಸಿಕ್ಕಿತು. ಯಾವುದು ಹೆಚ್ಚು ಬೆಲೆಯುಳ್ಳದ್ದೆಂದು ಆ ಎಂಜಿನಿಯರನ ಧಣಿಗಳನ್ನು ಕೇಳಬೇಕಿತ್ತು. ಮಸ್ಕಿಯ ಶಾಸನದಲ್ಲಿ ಬಿತ್ತನೆಯ ಪ್ರಸ್ತಾಪವೇನೂ ಇಲ್ಲ. ಆದರೆ ಅದೇ ಅರಸನು ಉತ್ತರದ ಸ್ತಂಭಗಳಲ್ಲಿ ಬರೆಯಿಸಿದ ಧರ್ಮಲಿಪಿಯಲ್ಲಿ ತಿಷ್ಯ ಮತ್ತು ಪುನರ್ವಸು ನಕ್ಷತ್ರಗಳ ದಿನ ಎತ್ತು ಕುದುರೆಗಳಿಗೆ ಬರೆ ಹಾಕಕೂಡದೆಂಬ ಆಜ್ಞೆಯುಂಟು. ತಿಷ್ಯವೆಂದರೆ ನಮ್ಮ ಪುಷ್ಯ. ಅಲ್ಲಿ ಚಂದ್ರನ ಗತಿಯಿಂದ ಎಣಿಸಿದ ಆ ಹೆಸರುಗಳನ್ನೇ ನಮ್ಮ ಕೃಷಿಕರು ಸೂರ್ಯನ ಗತಿಗೆ ಅಳವಡಿಸಿಕೊಂಡು ಮಳೆಯ ಹೆಸರುಗಳನ್ನಾಗಿ ಮಾಡಿಕೊಂಡರು. 1954ರಲ್ಲಿ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನ ಅಶೋಕನಿಗಿಂತಲೂ ಬಹು ಹಿಂದೆ ತಾಮ್ರಶಿಲಾಯುಗದಿಂದಲೇ ಅಲ್ಲಿ ಜನವಸತಿಯಿದ್ದುದನ್ನು ತೋರಿಸಿಕೊಟ್ಟಿತು. ದಕ್ಷಿಣದ ಆ ಆದಿಕೃಷಿಕರ ಮುಖ್ಯ ಧಾನ್ಯಗಳು ಕೊರಲೆ, ಹುರುಳಿ, ಹೆಸರು ಮೊದಲಾದ ಮಳೆಗಾಲದ ಬೆಳೆಗಳೆಂದು ಈಚಿನ ಸಂಶೋಧಕರು ಗುರುತಿಸಿದ್ದಾರೆ; ಜೋಳವು ಆಫ್ರಿಕದಿಂದ ಅನಂತರ ಬಂದ ಅತಿಥಿ. ಹಾಗೆ ನೋಡಿದರೆ ನಾವು ನಮ್ಮದೆಂದು ಹೆಮ್ಮೆಪಡುವ ರೊಟ್ಟಿಯೂ ಒಂದು ಕಾಲದ ಬ್ರೊಕೋಲಿಯೇ.

ಈ ನಕ್ಷತ್ರಗಣನೆಯಲ್ಲಿ ಒಂದು ಸೂಕ್ಷ್ಮವುಂಟು. ನಕ್ಷತ್ರಗಳನ್ನು ಹಿಡಿದು ಎಣಿಸುವ ವರ್ಷಕ್ಕೂ ಋತುಗಳನ್ನು ಹಿಡಿದು ಎಣಿಸುವ ವರ್ಷಕ್ಕೂ ಇಪ್ಪತ್ತು ಮಿನಿಟಿನಷ್ಟು ಅಂತರ. ಅಯನಚಲನದಿಂದುಂಟಾದ ಈ ಅಂತರ ಸುಮಾರು 70 ವರ್ಷಗಳಿಗೆ ಒಂದು ದಿನವಾಗುತ್ತದೆ. ವರಾಹಮಿಹಿರನ ಕಾಲದಲ್ಲಿ ಉತ್ತರಾಯಣದ ಹೊಸ್ತಿಲಿನಲ್ಲಿಯೇ ಇದ್ದ ಮಕರ ಸಂಕ್ರಮಣ ಇಂದು ಜನವರಿ ನಡುವಿಗೆ ಸರಿದಿರುವುದು ಇದರಿಂದಲೇ. 1520ರಲ್ಲಿ ಕೃಷ್ಣದೇವರಾಯನ ಸೇನೆ ರಾಯಚೂರಿನ ಕೋಟೆಯನ್ನು ಮುತ್ತಿದ ವರ್ಷ ಈ ದೋಆಬಿನಲ್ಲಿ ಹಸ್ತ ಕೂಡಿದ್ದು ಋತುವಿನ ಲೆಕ್ಕದಲ್ಲಿ ಇಂದಿಗಿಂತ ಒಂದು ವಾರ ಮುಂಚೆ. ಮಸ್ಕಿಯ ಬಂಡೆಯನ್ನು ಕೊರೆದ ಕಾಲಕ್ಕೆ ಸೂರ್ಯನು ಹಸ್ತವನ್ನು ಹೊಗುತ್ತಿದ್ದುದು ಹೆಚ್ಚುಕಡಮೆ ಒಂದು ತಿಂಗಳು ಮುಂಚೆ. ಹೀಗಿದ್ದೂ ನಕ್ಷತ್ರ ನೋಡಿ ಬಿತ್ತಿದವರು ಮೋಸಹೋಗಲಿಲ್ಲವೇಕೆ? ಹೆಸರು ನಿಂತಿದ್ದಂತೆ ಕಂಡರೂ ಒಂದೊಂದು ತಲೆಮಾರೂ ಅದರ ಅರ್ಥವನ್ನು ಹೊಲದ ಹದಕ್ಕೆ ಸರಿಯಾಗಿ ತಿದ್ದಿಕೊಳ್ಳುತ್ತ ಬಂದಿತೆಂದೇ ನಾನು ಊಹಿಸುತ್ತೇನೆ. ಯಾವ ತಲೆಮಾರಿಗೂ ತಾನು ತಿದ್ದುತ್ತಿದ್ದೇನೆಂಬ ಅರಿವಿರಲಿಲ್ಲ, ಏಕೆಂದರೆ ಒಬ್ಬನ ಆಯುಷ್ಯದಲ್ಲಿ ಜಾರುವುದು ಒಂದೇ ಒಂದು ದಿನ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಈ ಜಾರಿಕೆಯನ್ನು ಶಾಸ್ತ್ರೋಕ್ತವಾಗಿ ನಿಲ್ಲಿಸಲೆಂದು ಋತುಗಳಿಗೆ ಕಟ್ಟಿಹಾಕಿದ ರಾಷ್ಟ್ರೀಯ ಪಂಚಾಂಗವನ್ನು ರಚಿಸಿತು. 1957ರ ಮಾರ್ಚ್ 22ರಿಂದ ಅದು ಜಾರಿಗೆ ಬಂದಿತು. ಆಕಾಶವಾಣಿಯ ಪ್ರಸಾರದಲ್ಲಿ ಆ ತೇದಿಗಳು ಕೇಳಿಬಂದವು. ಕೂರಿಗೆಯ ಹಿಂದೆ ನಡೆಯುವವನು ಅದರ ಗೊಡವೆಗೆ ಹೋಗಲಿಲ್ಲ.

ಸರಕಾರದ ಲೆಕ್ಕವೂ ಹೊಲದ ಲೆಕ್ಕವೂ ಕೂಡಿ ನಡೆದ ಕಾಲವೊಂದು ಇದ್ದಿತು. ನಿಜಾಮನ ಆಳಿಕೆಯಲ್ಲಿ ಕಂದಾಯದ ವರ್ಷ ಫಸಲಿ. ಬೆಳೆಯನ್ನನುಸರಿಸಿ ಹುಟ್ಟಿದ ವರ್ಷವೆಂದು ಅದರ ಹೆಸರೇ ಹೇಳುತ್ತದೆ. ತುಂಗಭದ್ರೆಯ ಆಚೆಯ ದಂಡೆಯಲ್ಲಿ, ಮದ್ರಾಸಿನವರ ಬಳ್ಳಾರಿಯಲ್ಲಿ, ಫಸಲಿ ತೆರೆಯುತ್ತಿದ್ದುದು ಜುಲೈ 1ರಂದು. ಈಚೆಯ ದಂಡೆಯ ಹೈದರಾಬಾದು ಸಂಸ್ಥಾನದಲ್ಲಿ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಅದು ಅಕ್ಟೋಬರ್ 6ರಂದು, ಆಜುರ್ ಎಂಬ ಪಾರಸಿ ಹೆಸರಿನ ತಿಂಗಳಿನಿಂದ ಆರಂಭವಾಗುತ್ತಿತ್ತು. ಅಕ್ಟೋಬರ್ 6 ಎಂದರೆ ಹಸ್ತದ ಉತ್ತರಾರ್ಧ. ಹಿಂಗಾರಿ ಬಿತ್ತಿಗೆಯ ಭರದಲ್ಲಿ ಕಚೇರಿಯ ಹೊಸ ವರ್ಷ ಹುಟ್ಟುತ್ತಿದ್ದಿತು. ಇದು ಉದ್ದೇಶಪೂರ್ವಕವೋ ಕಾಕತಾಳೀಯವೋ, ಎರೆಸೀಮೆಗೆ ಇದಕ್ಕಿಂತ ಒಪ್ಪುವ ಯುಗಾದಿ ಇನ್ನೊಂದಿರಲಾರದು. 1853ರ ಒಪ್ಪಂದದಂತೆ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿದ ಈ ದೋಆಬಿನಲ್ಲಿ ಲಿಂಗಸುಗೂರು ಆಗ ದಂಡಿನ ಊರು, 1905ರವರೆಗೆ ತನ್ನದೇ ಹೆಸರಿನ ಜಿಲ್ಲೆಯ ಕೇಂದ್ರ. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಮುಂಗಾರಿಯ ಹಿಂದೆಯೇ ಹಿಂಗಾರಿಯೂ ಕೈಬಿಟ್ಟಿತು; ಉತ್ತರಿ, ಹಸ್ತ, ಚಿತ್ತಿ, ಸ್ವಾತಿಗಳು ಒಂದಾದ ಮೇಲೊಂದು ಒಣಗಿಯೇ ಕಳೆದವು. ಧಾತು ಈಶ್ವರರ ಬರವೆಂದು ಹೆಸರಾದ ಆ ಎರಡು ವರ್ಷಗಳ ಕ್ಷಾಮ ಬಳ್ಳಾರಿ, ರಾಯಚೂರು, ಲಿಂಗಸುಗೂರುಗಳನ್ನು ಬರಿದುಮಾಡಿತು. ಬಾಗಿಲು ತೆರೆಯದ ವರ್ಷ ಚಳಿಗೆ ಒಪ್ಪಿಸಲು ಬೆಳೆಯೇ ಇರಲಿಲ್ಲ. ಅಣೆಕಟ್ಟಿನ ಮಾತು ಅಧಿಕಾರಿಗಳ ಬಾಯಲ್ಲಿ ಹುಟ್ಟಿದ್ದು ಇಂಥ ಬರಗಳ ನೆನಪಿನಿಂದ.

1945ರ ಫೆಬ್ರವರಿ 28ರಂದು ಮದ್ರಾಸು ಹೈದರಾಬಾದುಗಳು ತಂತಮ್ಮ ದಂಡೆಯಲ್ಲಿ ಶಂಕುಸ್ಥಾಪನೆ ಮಾಡಿದ ತುಂಗಭದ್ರಾ ಅಣೆಕಟ್ಟು, ನಡುವೆ ಒಂದು ಸಾಮ್ರಾಜ್ಯವೂ ಒಂದು ಸಂಸ್ಥಾನವೂ ಅಸ್ತಂಗತವಾದುದನ್ನು ಕಂಡು, 1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟಿತು. (ಹೈದರಾಬಾದಿನ ವಿಲೀನವಾದ 1948ರ ಸೆಪ್ಟೆಂಬರ್ 17 ಉತ್ತರಿಯ ಮಳೆಯಲ್ಲಿ ಬಂದಿತು, ರಾಜ್ಯಗಳು ಪುನರ್ರಚಿತವಾದ 1956ರ ನವೆಂಬರ್ 1 ಸ್ವಾತಿಯಲ್ಲಿ. ನಮ್ಮ ಭಾಗದ ಎರಡು ದೊಡ್ಡ ರಾಜಕೀಯ ಪರಿವರ್ತನೆಗಳೂ ಹಿಂಗಾರಿಯ ಬಾಗಿಲಿನೊಳಗೇ ನಡೆದುವೆಂಬುದು ನನಗೆ ಮೋಜೆನಿಸುತ್ತದೆ.) 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರಿನ ಎರೆಗೆ ಇಳಿಯಿತು. ಎರೆಗೆ ನೀರು ಹಾಯಿಸಿದರೆ ಏನಾದೀತೆಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೆಂದೇ ಮದ್ರಾಸು ಸರಕಾರ 1937ರಷ್ಟು ಹಿಂದೆ ಸಿರುಗುಪ್ಪದಲ್ಲಿ ಸಂಶೋಧನ ಕ್ಷೇತ್ರವನ್ನು ತೆರೆದಿದ್ದಿತು. ಯೋಜನೆಯ ಕರ್ತೃಗಳ ಮನಸ್ಸಿನಲ್ಲಿದ್ದುದು ಭತ್ತವಲ್ಲ: ತೆಳ್ಳಗೆ ನೀರು ಹರಡಿ ಬಹುಜನರ ಜೋಳ ಹತ್ತಿಗಳನ್ನು ಬರದಿಂದ ಕಾಯುವುದು, ಎಂದರೆ ಉತ್ತರಿ ಹಸ್ತಗಳು ತಪ್ಪಿದ ವರ್ಷ ಕಾಲುವೆಯೇ ಉತ್ತರಿ ಹಸ್ತಗಳಾಗಿ ಬರುವುದು. ಒಂದೊಂದು ಸರ್ವೆ ನಂಬರಿಗೂ ಇಂಥದೇ ಬೆಳೆಯೆಂದು ಗೊತ್ತುಪಡಿಸಿ, ಭತ್ತಕ್ಕೆ ಅಲ್ಪಭಾಗವನ್ನು ಮಾತ್ರ ಬಿಟ್ಟ ವ್ಯವಸ್ಥೆಗೆ ಲೋಕಲೈಸೇಷನ್ ಎಂದು ಹೆಸರು. ಕಾಗದದ ಮೇಲೆ ಅದು ಈ ಸೀಮೆಯ ಹಳೆಯ ಪಂಚಾಂಗಕ್ಕೆ ಸಲ್ಲಿಸಿದ ಗೌರವವೇ ಆಗಿದ್ದಿತು.

ಕಾಗದ ಸೋತಿತು. ಕಾಲುವೆಯ ಹಿಂದೆಯೇ ಕೃಷ್ಣಾ ಗೋದಾವರಿ ಮುಖಜಭೂಮಿಗಳಿಂದ ಭತ್ತದ ಬೇಸಾಯದಲ್ಲಿ ನುರಿತ ಕುಟುಂಬಗಳು ಬಂದು, ನೀರಿನ ಮಗ್ಗುಲಿಗೆ ಭೂಮಿ ಕೊಂಡು, ಕ್ಯಾಂಪುಗಳೆಂದು ಇಂದಿಗೂ ಕರೆಯಿಸಿಕೊಳ್ಳುವ ಊರುಗಳನ್ನು ಕಟ್ಟಿಕೊಂಡು, ಎರೆಯನ್ನು ಸಮಮಾಡಿ ಗದ್ದೆಗಳನ್ನಾಗಿಸಿದವು. ಎಪ್ಪತ್ತರ ದಶಕದಲ್ಲಿ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಂಡ ಬಂಗಾಳದ ನಿರಾಶ್ರಿತರಿಗೂ ಅನ್ನವೇ ಪರಬ್ರಹ್ಮ. ಇವರನ್ನು ನೋಡಿ ಸ್ಥಳೀಯರೂ ಜೋಳವನ್ನು ಬಿಟ್ಟರು. ಬಿಟ್ಟವರನ್ನು ಆಕ್ಷೇಪಿಸುವ ಹಕ್ಕು ಅಂಗಡಿಯಿಂದ ಸೋನಾ ಮಸೂರಿ ತಂದು ಉಣ್ಣುವ ನನ್ನಂಥವನಿಗಿಲ್ಲ. ಆದರೆ ಮೇಲಿನವರು ಗದ್ದೆ ತುಂಬಿಸಿಕೊಂಡಷ್ಟೂ ಕಾಲುವೆಯ ಕೊನೆಯ ಮಾನ್ವಿ ರಾಯಚೂರುಗಳವರು ಬರಿಯ ತೂಬು ನೋಡಿಕೊಂಡು ಕೂರುವಂತಾಯಿತು, ಮತ್ತು ಈ ಜಗಳ ಇಂದಿಗೂ ಮುಗಿದಿಲ್ಲ. ನನ್ನ ವಿಷಯಕ್ಕೆ ಸಂಬಂಧಿಸಿದ್ದು ಇನ್ನೊಂದು ಪರಿಣಾಮ. ಮೊದಲ ಬೆಳೆ ಹೇಗೋ ಮಳೆಗಾಲದೊಡನೆ ಬೆಳೆದು ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ಲಿಗೆ ಬರುತ್ತದೆ. ಗೋದಾವರಿ ಸೀಮೆಯವರು ದಾಳ್ವಾ ಎನ್ನುವ ಎರಡನೆಯ ಬೆಳೆಗೆ ಸಸಿಮಡಿ ಹಾಕಬೇಕಾದುದು ವಿಶಾಖ, ಅನುರಾಧ, ಜ್ಯೇಷ್ಠಾ ನಕ್ಷತ್ರಗಳಲ್ಲಿ, ಎಂದರೆ ನವೆಂಬರ್ ಡಿಸೆಂಬರುಗಳ ಥಂಡಿಯಲ್ಲಿ. ಭತ್ತವೋ ಉಷ್ಣಪ್ರಿಯ. ರಾತ್ರಿಯ ತಾಪ ಹದಿನೈದು ಡಿಗ್ರಿಗಿಂತ ಕೆಳಗಿಳಿದರೆ ಮೊಳಕೆ ಏಳಲು ತಡಮಾಡುತ್ತದೆ, ಎದ್ದ ಸಸಿ ಹಳದಿಗಟ್ಟಿ ಕುಗ್ಗಿ ನಿಲ್ಲುತ್ತದೆ, ನಾಟಿ ಹಿಂದಕ್ಕೆ ಹೋಗುತ್ತದೆ. ನಾಟಿ ಹಿಂದಕ್ಕೆ ಹೋದರೆ ತೆನೆ ಹೂಬಿಡುವುದು ಬಿರುಬಿಸಿಲಿನಲ್ಲಿ, ಕಾಳು ಜೊಳ್ಳು. ಅಷ್ಟರಲ್ಲಿ ಕಾಲುವೆಯೂ ಮುಚ್ಚುತ್ತದೆ. ಒಂದು ಕಡೆ ಚಳಿ, ಇನ್ನೊಂದು ಕಡೆ ಬೇಸಗೆ, ನಡುವೆ ಗೇಟಿನ ಬೀಗ. ಇಷ್ಟರೊಳಗೆ ಬೆಳೆ ದಾಟಿಸಬೇಕು.

ಹೀಗೆ, ಯಾವ ಚಳಿ ಜೋಳಕ್ಕೆ ದಾದಿಯಾಗಿದ್ದಿತೋ ಅದೇ ಚಳಿ ಅದೇ ಹೊಲದಲ್ಲಿ ಭತ್ತಕ್ಕೆ ಶತ್ರುವಾಯಿತು. ಬಿತ್ತನೆಯ ದಿನವನ್ನು ನಿರ್ಣಯಿಸುವ ಅಧಿಕಾರವೂ ಸ್ಥಳಾಂತರಗೊಂಡಿತು. ಹಿಂದೆ ಹಸ್ತ ಯಾವ ವಾಹನದ ಮೇಲೆ ಬರುತ್ತದೆಂದು ಪುರೋಹಿತರನ್ನು ಕೇಳುತ್ತಿದ್ದವರು ಇಂದು ಮುನಿರಾಬಾದಿನಲ್ಲಿ ನೀರಾವರಿ ಸಲಹಾ ಸಮಿತಿ ಎಂದು ಸೇರುತ್ತದೆ, ಎರಡನೆಯ ಬೆಳೆಗೆ ನೀರು ಬಿಡುವರೇ, ಯಾವ ತೇದಿಯವರೆಗೆ ಬಿಡುವರು ಎಂದು ವೃತ್ತಪತ್ರಿಕೆಯನ್ನು ನೋಡುತ್ತಾರೆ. ಮೊದಲಿಗೆ 132 ಟಿಎಂಸಿಗೂ ಮಿಕ್ಕಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 106ಕ್ಕಿಂತ ಕಡಿಮೆ ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಮೊದಲ ಬೆಳೆ ಇನ್ನೂ ಎಳೆಯದಾಗಿದ್ದರೂ ಜನರ ಬಾಯಲ್ಲಿದ್ದ ಚಿಂತೆ ಎರಡನೆಯ ಬೆಳೆಯದ್ದು. ಆಕಾಶದ ಮಳೆಗಾದರೆ ಮುನಿಸಿಕೊಂಡು ಗುರ್ಜಿ ಆಡಿಸಬಹುದಿತ್ತು, ಕಪ್ಪೆಗಳ ಮದುವೆ ಮಾಡಬಹುದಿತ್ತು. ಸಮಿತಿಗೆ ಮನವಿಪತ್ರವೊಂದೇ ಗತಿ.

ಲಿಂಗಸುಗೂರಿನ ಬಹುಭಾಗವೂ ಮಸ್ಕಿಯ ಎಷ್ಟೋ ಹಳ್ಳಿಗಳೂ ತುಂಗಭದ್ರೆಯ ಕಾಲುವೆಗೆ ನಿಲುಕದ ಎತ್ತರದಲ್ಲಿ ಉಳಿದುವು. ಉತ್ತರದಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಬಲದಂಡೆಯ ಕಾಲುವೆಯಲ್ಲಿ ಲಿಂಗಸುಗೂರಿನ ಕೆಲವು ಭಾಗಕ್ಕೆ ಬಂದಿತಾದರೂ, ಬಾರದ ಊರುಗಳಲ್ಲಿ ಉತ್ತರಿ ಹಸ್ತಗಳ ಆಳಿಕೆಯೇ ಮುಂದುವರಿಯಿತು. ಕೂರಿಗೆಯನ್ನು ಎತ್ತಿನ ಬದಲು ಟ್ರ್ಯಾಕ್ಟರು ಎಳೆಯುತ್ತದೆ, ಮುಂಗಾರಿಯಲ್ಲಿ ಹೊಲವನ್ನು ಖಾಲಿ ಬಿಡುವಷ್ಟು ತಾಳ್ಮೆ ಎಲ್ಲರಿಗೂ ಇಲ್ಲ, ತೊಗರಿ ಹತ್ತಿಗಳು ಜೋಳದ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಆದರೆ ಕಡಲೆ ಬಿತ್ತುವವನು ಈಗಲೂ ಕೇಳುವುದು ಹಸ್ತ ಹೇಗಾಯಿತೆಂದೇ.

ಬ್ರೊಕೋಲಿಯ ಮಾತನ್ನು ನಡುವೆಯೇ ಬಿಟ್ಟು ಬಂದೆನು. ಅದರ ಅಣ್ಣನಾದ ಹೂಕೋಸು 1822ರಲ್ಲಿ ಸಹಾರನಪುರದ ಕಂಪನಿ ತೋಟಕ್ಕೆ ಇಂಗ್ಲೆಂಡಿನಿಂದ ಬಂದು, ಇಲ್ಲಿನ ಬಿಸಿಲಿಗೆ ಹೊಂದಿಕೊಂಡು, ಈಗ ಸಿಂಧನೂರಿನ ಸಂತೆಯಲ್ಲಿ ಯಾರೂ ಪರದೇಶಿಯೆಂದು ತಿರುಗಿ ನೋಡದಷ್ಟು ನಮ್ಮದಾಗಿದೆ. ತಮ್ಮನಿಗೆ ಇನ್ನೂ ಆ ಒಗ್ಗಿಕೆ ಬಂದಿಲ್ಲ. ಹದಿನೈದರಿಂದ ಇಪ್ಪತ್ತು ಡಿಗ್ರಿಯ ತಂಪಿನಲ್ಲಿ ಗಟ್ಟಿಯಾಗಿ ಕಟ್ಟುವ ಅದರ ಹಸುರು ಗುಚ್ಛ ಬಿಸಿಲು ತಾಕಿದೊಡನೆ ಸಡಿಲವಾಗಿ, ಒಂದೆರಡು ದಿನದಲ್ಲಿ ಹಳದಿ ಹೂವಾಗಿ ಒಡೆದುಬಿಡುತ್ತದೆ. ಆದ್ದರಿಂದ ದೋಆಬಿನಲ್ಲಿ ಅದನ್ನು ಬೆಳೆಯಬಯಸುವವನು ಹಿಮದ ದಿನದಿಂದಲ್ಲ, ಸಂಕ್ರಾಂತಿಯ ಬಿಸಿಲಿನಿಂದ ಹಿಂದಕ್ಕೆ ಎಣಿಸಬೇಕು: ಸಸಿ ಕೊಯ್ಲಿಗೆ ಬರಲು ನಾಟಿಯಿಂದ ಅರವತ್ತು ಎಪ್ಪತ್ತು ದಿನ, ಸಸಿಮಡಿಯಲ್ಲಿ ನಾಲ್ಕು ವಾರ. ಆ ಲೆಕ್ಕ ಮಾಡಿ ನೋಡಿದರೆ ಬೀಜ ಹಾಕಬೇಕಾದುದು ಹಸ್ತ ಕೂಡುವ ಹೊತ್ತಿಗೆ, ನಾಟಿ ಸ್ವಾತಿಯಲ್ಲಿ, ಗುಚ್ಛ ಕೈಗೆ ಬರುವುದು ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ. ಯಾವ ನಾಡಿನದೋ ಕಾಯಿಪಲ್ಯ, ಆದರೂ ಅದು ಬಂದು ಕುಳಿತದ್ದು ಹಿಂಗಾರಿ ಜೋಳದ ಸಾಲಿನಲ್ಲಿಯೇ, ಭತ್ತದ ಸಾಲಿನಲ್ಲಲ್ಲ. ನೀರು ಮಾತ್ರ ಅದಕ್ಕೆ ಹೊಯ್ಯಬೇಕು. ಮಂಜನ್ನು ನಂಬಿಕೊಂಡು ಬೆಳೆಯುವ ಸಂಸ್ಕಾರ ಅದಕ್ಕಿಲ್ಲ.

ಡಿಸೆಂಬರಿನ ಸಂಜೆ ಸಿಂಧನೂರಿನಿಂದ ಮಸ್ಕಿಯ ಕಡೆಗೆ ಹೊರಟರೆ ಕಾಲುವೆಯ ಸೀಮೆ ಮುಗಿದು ಮಳೆಯ ಸೀಮೆ ತೊಡಗುವುದನ್ನು ಗಾಡಿಯಲ್ಲಿ ಕುಳಿತೇ ಗುರುತಿಸಬಹುದು. ತಗ್ಗಿನಲ್ಲಿ, ಸೂರ್ಯ ಮುಳುಗುತ್ತಲೂ, ಸಸಿಮಡಿಗಳಿಗೆ ಮಂಜು ತಾಕದಿರಲೆಂದು ತಾಡಪಾಲನ್ನೋ ಗೊಬ್ಬರದ ಚೀಲಗಳನ್ನು ಹೊಲಿದು ಮಾಡಿದ ಹೊದಿಕೆಯನ್ನೋ ಎಳೆದು, ಅಂಚುಗಳಿಗೆ ಮಣ್ಣಿನ ಹೆಂಟೆಗಳನ್ನಿಟ್ಟು ಭದ್ರಮಾಡುತ್ತಿರುತ್ತಾರೆ. ಬೆಳಗಾಗುತ್ತಲೂ ಅದನ್ನು ತೆಗೆಯಬೇಕು, ರಾತ್ರಿಯ ತಣ್ಣೀರನ್ನು ಬಸಿದು ಹೊಸ ನೀರು ಕಟ್ಟಬೇಕು. ದಿಬ್ಬ ಹತ್ತಿದ ಮೇಲೆ ಕಡಲೆಯ ಹೊಲಗಳು ಬರುತ್ತವೆ. ಹುಳಿ ಇಳಿಸುವ ಪದ್ಧತಿಯನ್ನು ಮರೆಯದ ಮನೆಯವರಿದ್ದರೆ, ಅದೇ ಹೊತ್ತಿನಲ್ಲಿ ಅಲ್ಲೊಬ್ಬ ಮುದುಕಿ ಹಳೆಯ ಪಂಚೆಯೊಂದನ್ನು ಗಿಡಗಳ ಮೇಲೆ ಹರವಿ, ರಾತ್ರಿ ಮಂಜು ಚೆನ್ನಾಗಿ ಬೀಳಲೆಂದು ಆಕಾಶವನ್ನು ನೋಡುತ್ತ ಮನೆಯ ದಾರಿ ಹಿಡಿಯುತ್ತಾಳೆ.